ಸಿಂಪಿಗ ಬಂದ ವರ್ಷ

ನಮ್ಮ ಯಜಮಾನರ ಹೆಸರು ಪುಂಡಲೀಕಪ್ಪ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂದು ನಮ್ಮವ್ವ ಕಲಿಸಿದ್ದಳು. ಬರೆಯಬಾರದು ಎಂದು ಮಾತ್ರ ಹೇಳಿರಲಿಲ್ಲ, ಯಾಕೆಂದರೆ ನಾನು ಒಂದು ದಿನ ಬರೆದೇನು ಎಂಬುದು ಅವಳ ಕನಸಿನಲ್ಲೂ ಇರಲಿಲ್ಲ. ಹಾಗಾಗಿ ಬರೆದೇ ಬಿಟ್ಟಿದ್ದೇನೆ, ಪಾಪ ಬಂದರೆ ನನ್ನ ತಲೆಗೇ ಬರಲಿ. ಮೂವತ್ತೊಂದು ವರ್ಷ ಊರಿನ ಶಾಲೆಯಲ್ಲಿ ಮಾಸ್ತರಿಕೆ ಮಾಡಿ, ಹೆಡ್‌ಮಾಸ್ತರರಾಗಿ ನಿವೃತ್ತಿಯಾದವರು ಅವರು. ನಮಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ, ಆದರೆ ಊರಿನಲ್ಲಿ ಪೆನ್ನು ಹಿಡಿಯುವ ಕೈಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ ತಿದ್ದಿದ ಕೈಗಳು. ಅವರು ಬೀದಿಯಲ್ಲಿ ಬಂದರೆ ನರೆತ ಮೀಸೆಯ ಗಂಡಸರೂ ಬೀಡಿಯನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದರು. ಅಂಥವರನ್ನು ಆ ವರ್ಷ ಊರವರು ಗಾದಿಗೆ ಆರಿಸಿದರು.

ಗಾದಿಯೆಂದರೆ ನಮ್ಮ ಚಾವಡಿಯಲ್ಲಿರುವ ಹಳೆಯ ಹತ್ತಿಯ ಮೆತ್ತೆ. ಅದರ ಮೇಲೆ ಕೂತವರು ಒಂದು ವರ್ಷ ಊರಿನ ಯಜಮಾನಿಕೆ ಮಾಡಬೇಕು. ನೀರಿನ ಪಾಳಿ, ಬೀದಿಯ ದೀಪ, ಜಗಳ ಬಿಡಿಸುವುದು ಎಲ್ಲ ಅವರದೇ. ಇಷ್ಟು ಎಲ್ಲ ಊರಿನಲ್ಲೂ ಇದ್ದದ್ದೇ. ನಮ್ಮೂರಿನಲ್ಲಿ ಇನ್ನೊಂದಿದೆ. ಕೂತ ಒಂಬತ್ತನೆಯ ದಿನ ಬೆಳಿಗ್ಗೆ ಅವರಿಗೆ ಅಮೆರಿಕದ ಒಬ್ಬ ಅಧ್ಯಕ್ಷರು ಬರುತ್ತಾರೆ. ದೇವರು ಮೈದುಂಬುತ್ತಾರಲ್ಲ, ಹಾಗಲ್ಲ. ಮನುಷ್ಯ ಅವನೇ, ಮಾತೂ ಅವನದೇ, ಹೆಂಡತಿ ಮಕ್ಕಳ ಗುರುತೂ ಇರುತ್ತದೆ. ಬರುವುದು ಆ ಅಧ್ಯಕ್ಷರು ದೊಡ್ಡ ಕುರ್ಚಿ ಏರುವ ಮುಂಚೆ ಬಾಳಿದ ಬಾಳು. ಅವರ ಕೈಗೆ ಗೊತ್ತಿದ್ದ ಕೆಲಸ ಇವರ ಕೈಗೂ ಗೊತ್ತಾಗುತ್ತದೆ. ಅವರಿಗೆ ಇಲ್ಲದ್ದು ಇವರಿಂದಲೂ ಹೋಗುತ್ತದೆ. ವರ್ಷ ತುಂಬಿದ ದಿನ ಬಂದವರು ಹೊರಟುಹೋಗುತ್ತಾರೆ, ಹೋದದ್ದು ತಿರುಗಿ ಬರುತ್ತದೆ. ಯಾಕೆ ಹೀಗೆ ಎಂದು ಕೇಳುವವರು ಪರವೂರಿನವರು. ನಾವು ಕೇಳುವುದು ಒಂದೇ ಮಾತು, ಈ ಸಲ ಯಾರು ಬಂದರು ಎಂದು.

ಬಡಿಗೇರ ಮಾನಪ್ಪನಿಗೆ ಜಾರ್ಜ್ ವಾಷಿಂಗ್ಟನ್ ಬಂದಿದ್ದರು. ಅವರು ಹದಿಹರೆಯದಲ್ಲೇ ಕಾಡುಮೇಡು ಅಳೆದ ಸರ್ವೆಯವರು. ಮಾನಪ್ಪ ಸರಪಳಿ ಹಿಡಿದು ಊರಿನ ಹೊಲಗಳನ್ನೆಲ್ಲ ಅಳೆದ. ಬದುವಿನ ಜಗಳಗಳಲ್ಲಿ ಅರ್ಧ ಮುಗಿದವು, ಹೊಸದಾಗಿ ಅಷ್ಟೇ ಹುಟ್ಟಿದವು. ಆದರೆ ಆ ದೊಡ್ಡವರು ಅಧ್ಯಕ್ಷರಾಗುವ ಹೊತ್ತಿಗೆ ಅವರ ಬಾಯಲ್ಲಿ ಸ್ವಂತದ್ದು ಎಂದು ಉಳಿದದ್ದು ಒಂದೇ ಹಲ್ಲು. ಹಾಗಾಗಿ ಮಾನಪ್ಪ ವರ್ಷವಿಡೀ ಅಂಬಲಿ ಕುಡಿದ, ವರ್ಷ ತುಂಬಿದ ಮರುದಿನ ಒಂದು ಸೇರು ಪುಟಾಣಿ ತಿಂದ. ಜೇಮ್ಸ್ ಗಾರ್ಫೀಲ್ಡ್ ಬಂದಾಗ ಕಿರಾಣಿ ಅಂಗಡಿಯ ಶಾಂತೇಶಪ್ಪ ಕೆರೆಗೆ ಬೀಳತೊಡಗಿದ. ಅವರು ಹುಡುಗರಾಗಿದ್ದಾಗ ಕಾಲುವೆಯ ದೋಣಿಯಲ್ಲಿ ಕೆಲಸಕ್ಕಿದ್ದು ಹದಿನಾಲ್ಕು ಸಲ ನೀರಿಗೆ ಬಿದ್ದಿದ್ದರಂತೆ. ಊರವರು ಎಣಿಸುತ್ತ ಕೂತರು, ಹದಿನಾಲ್ಕು ಆದ ಮೇಲೆ ಹಗ್ಗ ಎತ್ತಿಟ್ಟು ಮನೆಗೆ ಹೋದರು. ಸಂತೆಯಲ್ಲಿ ಕೂಗಿ ಕೂಗಿ ಬದನೆಕಾಯಿ ಮಾರುವ ಸಂಕವ್ವನಿಗೆ ಮಿತಭಾಷಿ ಕೂಲಿಜ್ ಬಂದರು. ಅವಳ ಗಂಡ ಇವತ್ತಿಗೂ ಆ ವರ್ಷವನ್ನು ನೆನೆದು ಕಣ್ಣು ಮುಚ್ಚಿ ಕೈ ಮುಗಿಯುತ್ತಾನೆ. ಜಿಮ್ಮಿ ಕಾರ್ಟರ್ ಬಂದ ವರ್ಷ ಶೇಂಗಾ ಬೆಳೆ ಯಾವ ಪರಿ ಬಂತೆಂದರೆ ಹೋಳಿಗೆ ತಿಂದು ತಿಂದು ಊರಿಗೆಲ್ಲ ಅಜೀರ್ಣ. ಲಿಂಕನ್ ಅಂತೂ ಎರಡು ಸಲ ಬಂದು ನಮಗೆ ಬೀಗರೇ ಆಗಿಬಿಟ್ಟಿದ್ದಾರೆ. ಎರಡನೆಯ ಸಂಬಂಧಕ್ಕೆ ಹೋಗುವ ಹೆಣ್ಣಿಗೆ ನಮ್ಮ ಮುದುಕಿಯರು ಲಿಂಕನ್ನನ ಮಲತಾಯಿ ಸಾರಾಳ ಹಾಗೆ ಬಾಳು ಎಂದು ಹರಸುತ್ತಾರೆ, ಅವಳು ಆ ಪರದೇಶಿ ಹುಡುಗನಿಗೆ ಓದುವ ಹುಚ್ಚು ಹಚ್ಚಿದ ಪುಣ್ಯಾತಿಗಿತ್ತಿ ಎಂದು.

ಇದರಲ್ಲಿ ಒಂದು ಮುಳ್ಳೂ ಇದೆ. ಗಾದಿಗೆ ಕೂತವರು ನಲವತ್ತನೆಯ ದಿನ ಊರಿನ ಎದುರು ದೊಡ್ಡ ದಪ್ತರದಲ್ಲಿ ಸ್ವಂತ ಕೈಯಿಂದ ಪ್ರಮಾಣ ಬರೆಯಬೇಕು. ಒಂದೇ ವಾಕ್ಯ: ನಾನು ಇಂಥವನು, ಇಂಥವರ ಮಗ, ಇಂಥವರಲ್ಲಿ ಅಕ್ಷರ ಕಲಿತವನು, ಈ ವರ್ಷ ಈ ಊರನ್ನು ನೋಡಿಕೊಳ್ಳುತ್ತೇನೆ. ಬರೆಯದಿದ್ದರೆ, ಇಲ್ಲವೇ ಅದಕ್ಕೂ ಮೊದಲೇ ಊರಿನ ಗಡಿ ದಾಟಿದರೆ, ಬಂದವರು ಅಂದೇ ಹೊರಟುಹೋಗುತ್ತಾರೆ, ಹೋಗುವಾಗ ನಮ್ಮಿಂದ ಹೋದದ್ದನ್ನು ತಿರುಗಿ ಕೊಡುವುದಿಲ್ಲ. ಕುರಿ ಕೊಯ್ಯುವ ರಾಜೇಸಾಬನಿಗೆ ಗ್ರಾಂಟ್ ಬಂದಿದ್ದರು. ಅವರು ತೊಗಲು ಹದ ಮಾಡುವವನ ಮಗನಾಗಿಯೂ ರಕ್ತ ಕಂಡರೆ ಹೇಸುತ್ತಿದ್ದರು, ಆದರೆ ಎಂಥ ಕುದುರೆಯನ್ನೂ ಪಳಗಿಸುತ್ತಿದ್ದರು. ರಾಜೇಸಾಬ ಇಪ್ಪತ್ತನೆಯ ದಿನ ನಾಚಿಕೆಯಾಗಿ ತಂಗಿಯ ಊರಿಗೆ ಓಡಿಹೋದ. ತಿರುಗಿ ಬಂದಾಗ ಕುದುರೆಯ ವಿದ್ಯೆ ಹೋಗಿತ್ತು, ಹೇಸಿಗೆ ಮಾತ್ರ ಉಳಿದಿತ್ತು. ಹನ್ನೊಂದು ವರ್ಷವಾಯಿತು, ಈಗ ಉಳ್ಳಾಗಡ್ಡಿ ಮಾರುತ್ತಾನೆ. ನಗುನಗುತ್ತಲೇ ಇದ್ದಾನೆ, ಆದರೆ ಬೇರೆಯವರ ಅಂಗಡಿಯಲ್ಲಿ ಕತ್ತಿ ಮಸೆಯುವ ಸದ್ದು ಕೇಳಿದರೆ ಈಗಲೂ ನಿಂತು ಕೇಳುತ್ತಾನೆ.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ನಮ್ಮವರು ದಿನವೂ ಎದ್ದ ಕೂಡಲೆ ಪಡಸಾಲೆಯ ಕರಿಹಲಗೆಯ ಮೇಲೆ ತಾರೀಖು, ವಾರ, ಒಂದು ಗಾದೆ ಬರೆಯುತ್ತಿದ್ದರು, ಶಾಲೆ ಬಿಟ್ಟರೂ ಚಟ ಬಿಟ್ಟಿರಲಿಲ್ಲ. ಅಂದು ಬಳಪದ ಸದ್ದೇ ಇಲ್ಲ. ಹೋಗಿ ನೋಡಿದರೆ ಹಲಗೆಯ ಮೇಲೆ ಕೋಳಿ ಕೆದರಿದಂಥ ಗೆರೆಗಳು, ಅದರ ಕೆಳಗೆ ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಕೂತು ನನ್ನ ಹರಿದ ದಿಂಬಿನ ಚೀಲ ಹೊಲಿಯುತ್ತಿದ್ದಾರೆ. ಗುಂಡಿ ಹಚ್ಚುವುದೂ ಗೊತ್ತಿಲ್ಲದ ಮನುಷ್ಯ. ಹೊಲಿಗೆ ನೋಡಿದೆ, ಇರುವೆ ಸಾಲು. ನಲವತ್ತು ವರ್ಷ ಸೂಜಿ ಹಿಡಿದ ನನಗೇ ಹೊಟ್ಟೆಕಿಚ್ಚಾಯಿತು. ಆಮೇಲೆ ಅವರ ಮುಖ ನೋಡಿದೆ. ಅವರು ಅಷ್ಟು ಹೆದರಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಬಂದವರು ಯಾರೆಂದು ಹೇಳುವುದು ಹಾಲವ್ವನ ಕೆಲಸ. ಎಂಬತ್ತು ದಾಟಿದ ಮುದುಕಿ, ಬಾಯಲ್ಲಿ ಎಲೆಯಡಿಕೆ, ತಲೆಯಲ್ಲಿ ಅಷ್ಟೂ ಅಧ್ಯಕ್ಷರ ಹುಟ್ಟುಬೆಳವಣಿಗೆ. ಅವಳು ನಮ್ಮವರ ಬೆರಳು ಹಿಂಡಿ ನೋಡಿದಳು. ಒಂದನೇ ಇಯತ್ತೆಯ ಪುಸ್ತಕ ಕೊಟ್ಟು ಓದಿಸಿದಳು. ಅವರು ಒಂದೊಂದೇ ಅಕ್ಷರ ಕೂಡಿಸಿ, ಬೆವರುತ್ತ, ಓದಿದರು. ಬರೆ ಎಂದಳು, ಆಗಲಿಲ್ಲ. ಎರಡು ಮತ್ತು ಎರಡು ಎಷ್ಟು ಎಂದಳು, ಅವರು ಬೆರಳು ಮಡಚಿದರು. ಹಾಲವ್ವ ಕೈ ಝಾಡಿಸಿ ಎದ್ದಳು.

“ಸಿಂಪಿಗ ಬಂದಾನ. ಆಂಡ್ರ್ಯೂ ಜಾನ್ಸನ್. ಸಾಲಿ ಮೆಟ್ಟಲಾ ಹತ್ತದ ಅಧ್ಯಕ್ಷ ಆದಾಂವ.”

ಸಿಂಪಿಗನೆಂದರೆ ಬಟ್ಟೆ ಹೊಲಿಯುವವನು. ಈ ಜಾನ್ಸನ್ ಮೂರು ವರ್ಷದವನಿದ್ದಾಗ ಅಪ್ಪ ಸತ್ತ, ತಾಯಿ ನೇಯ್ದು, ಮಂದಿಯ ಬಟ್ಟೆ ಒಗೆದು ಸಾಕಿದಳು, ಹತ್ತನೆಯ ವಯಸ್ಸಿಗೆ ಹೊಲಿಗೆ ಅಂಗಡಿಗೆ ಜೀತಕ್ಕೆ ಬಿಟ್ಟಳು. ಅಂಗಡಿಯಲ್ಲಿ ಹುಡುಗರು ಹೊಲಿಯುವಾಗ ಯಾರೋ ಬಂದು ಪುಸ್ತಕ ಓದಿ ಹೇಳುತ್ತಿದ್ದರು, ಅದನ್ನು ಕೇಳಿ ಕೇಳಿ ಓದುವುದನ್ನು ತಾನೇ ಕಲಿತ. ಅಲ್ಲಿಂದ ಓಡಿಹೋದ, ಮಾಲೀಕ ಹಿಡಿದುಕೊಟ್ಟವರಿಗೆ ಬಹುಮಾನವೆಂದು ಪತ್ರಿಕೆಯಲ್ಲಿ ಹಾಕಿಸಿದ. ಹದಿನೆಂಟಕ್ಕೆ ಮದುವೆ. ಹುಡುಗಿಗೆ ಹದಿನಾರು, ಎಲೈಜಾ ಎಂದು ಹೆಸರು. ಅವಳು ಗಂಡ ಹೊಲಿಯುತ್ತ ಕೂತಾಗ ಪಕ್ಕದಲ್ಲಿ ಕೂತು ಬರೆಯುವುದನ್ನೂ ಲೆಕ್ಕವನ್ನೂ ಕಲಿಸಿದಳು. ಮುಂದೆ ರಾಜ್ಯಪಾಲನಾದ ಮೇಲೂ ಆತ ಸೂಜಿ ಬಿಡಲಿಲ್ಲ, ಪಕ್ಕದ ರಾಜ್ಯದ ರಾಜ್ಯಪಾಲನಿಗೆ ಸ್ವಂತ ಕೈಯಿಂದ ಸೂಟು ಹೊಲಿದು ಕಳಿಸಿದ. ಇಷ್ಟನ್ನೂ ಹಾಲವ್ವ ನಮ್ಮ ಕಟ್ಟೆಯ ಮೇಲೆ ಕೂತು ನೆರೆದ ಹೆಂಗಸರಿಗೆ ತನ್ನ ತವರಿನ ಸುದ್ದಿಯ ಹಾಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಲಿಸಿದಾಕೆ ಹೆಂಡತಿಯಾದ್ದರಿಂದ ಇಲ್ಲೂ ಹೆಂಡತಿಯೇ ಕಲಿಸಬೇಕು, ಬೇರೆ ಯಾರು ತೋರಿಸಿದರೂ ಕೈಗೆ ಹತ್ತುವುದಿಲ್ಲ ಎಂದಳು. ಹೆಡ್‌ಮಾಸ್ತರನ ಹೆಂಡತಿಗೆ ಅದೇನು ದೊಡ್ಡದು ಎಂದು ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು ಒಳಗೆ ಬಂದು ನೀರಿನ ಕೊಡದ ಪಕ್ಕ ಕುಸಿದು ಕೂತೆ.

ನನಗೆ ಅಕ್ಷರ ಬರುತ್ತಿರಲಿಲ್ಲ. ಒಂದೂ. ಮದುವೆಯಾಗಿ ಮೂವತ್ತೆರಡು ವರ್ಷ ಈ ಗುಟ್ಟನ್ನು ನಾವಿಬ್ಬರೇ ಕಾದುಕೊಂಡು ಬಂದಿದ್ದೆವು. ಸೊಸೈಟಿಯಲ್ಲಿ ಸಹಿ ಕೇಳಿದರೆ ಚಾಳೀಸು ಮನೆಯಲ್ಲಿದೆ ಎನ್ನುತ್ತಿದ್ದೆ, ಅವರು ಮುಂದೆ ಬಂದು ತಾವೇ ಗೀಚುತ್ತಿದ್ದರು. ಮದುವೆಯಾದ ಹೊಸತರಲ್ಲಿ ಒಮ್ಮೆ ನನಗೂ ಕಲಿಸಿರಿ ಎಂದು ಕೇಳಿದ್ದೆ. ನಾನಿರುವಾಗ ನಿನಗೇಕೆ ಅದರ ಉಸಾಬರಿ ಎಂದರು. ನಾನು ಎರಡನೆಯ ಸಲ ಕೇಳುವ ಹೆಣ್ಣಲ್ಲ. ಆದರೆ ಊರ ಹುಡುಗರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಅ ಆ ಇ ಈ ಒದರುವಾಗ ಒಳಗೆ ರೊಟ್ಟಿ ಬಡಿಯುತ್ತ ನಾನು ಎಷ್ಟು ಸಿಟ್ಟು ಬಡಿದಿದ್ದೇನೋ ಹಿಟ್ಟು ನಾದುವ ಆ ಕೊಣಮಿಗೆಗೇ ಗೊತ್ತು.

ಅಂದು ಮಧ್ಯಾಹ್ನ ನಮ್ಮವರು ಬಾಗಿಲು ಹಾಕಿ, ಈಗಿನ ಹೆಡ್‌ಮಾಸ್ತರರಾದ ತಮ್ಮ ಶಿಷ್ಯನನ್ನು ಹಿತ್ತಲಿನಿಂದ ಕರೆಸಿ ಕೈ ಹಿಡಿಸಿ ಬರೆಸಿಕೊಂಡರು. ಹಿಡಿದಿರುವ ತನಕ ಅಕ್ಷರ, ಬಿಟ್ಟರೆ ಕೋಳಿ ಕಾಲು. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಪಲ್ಯದ ಗಂಗಾಳ ಮುಂದಿಟ್ಟುಕೊಂಡು ಉಣ್ಣದೆ ಕೂತರು. ನಲವತ್ತನೆಯ ದಿನ ಬರೆಯದಿದ್ದರೆ ಗಾದಿ ಹೋಗಲಿ, ಬರೆಯುವ ಕೈ ಜನ್ಮಕ್ಕೇ ಹೋಗುತ್ತದೆ. ಮಾಸ್ತರನಿಂದ ಅಕ್ಷರ ತೆಗೆದರೆ ಉಳಿಯುವುದೇನು ಎಂದು ತಮಗೆ ತಾವೇ ಗೊಣಗಿದರು. ಸಿಟ್ಟು ಸಿಟ್ಟಿನ ಜಾಗದಲ್ಲಿರಲಿ, ಈ ಮನುಷ್ಯ ಇನ್ನೊಬ್ಬ ರಾಜೇಸಾಬನಾಗಿ ಕರಿಹಲಗೆಯ ಮುಂದೆ ನಿಂತು ನೋಡುವುದು ನನಗೆ ಬೇಡವಾಗಿತ್ತು.

ಉಪಾಯ ಹೊಳೆದದ್ದು ನನಗೇ. ಅವರಿಗೆ ಅಕ್ಷರದ ಗುರುತುಂಟು, ಬರೆಯುವ ಕೈ ಇಲ್ಲ. ನನಗೆ ಗುರುತಿಲ್ಲ, ಆದರೆ ಕಸೂತಿ ಹಾಕುವ ಕೈ ಇದೆ. ಎಳೆ ಎಣಿಸಿ ನವಿಲು ತೆಗೆದಿದ್ದೇನೆ, ಆನೆ ತೆಗೆದಿದ್ದೇನೆ, ಒಂದು ಅಕ್ಷರ ಎಷ್ಟರದು? ಅವರು ಪುಸ್ತಕದಲ್ಲಿ ಬೆರಳಿಟ್ಟು ಇದು ನ ಎಂದು ಹೇಳುವುದು, ನಾನು ಅದನ್ನು ನೋಡಿ ಬಟ್ಟೆಯ ಮೇಲೆ ಎಳೆ ಎಣಿಸಿ ಹಾಕುವುದು, ನಾನು ಹಾಕಿದ್ದರ ಮೇಲೆ ಅವರು ತಮ್ಮ ಸೂಜಿ ಓಡಿಸುವುದು. ಪೆನ್ನಿಗೆ ಒಲ್ಲೆ ಎಂದ ಕೈ ಸೂಜಿಗೆ ಒಲ್ಲೆ ಎನ್ನಲಿಲ್ಲ, ಸಿಂಪಿಗನ ಕೈಯಲ್ಲವೇ! ಕಿಟಕಿಯ ಬೆಳಕಿಗೆ ಕಟ್ಟಿಗೆಯ ಚೌಕಟ್ಟಿನಲ್ಲಿ ಬಟ್ಟೆ ಬಿಗಿದು, ಈ ಕಡೆ ನಾನು ಆ ಕಡೆ ಅವರು ಕೂತೆವು. ನನ್ನ ಮೊದಲ ನ ಮೆಟ್ಟಿಲು ಮೆಟ್ಟಿಲಾಗಿ ಬಂತು. ಆದರೂ ನ ಆಗಿತ್ತು. ಅದನ್ನು ನೋಡಿ ಯಾಕೋ ನನ್ನ ಕಣ್ಣಲ್ಲಿ ನೀರು ಬಂದು, ಒಲೆ ಹೊಗೆಯುತ್ತಿದೆ ಎಂದು ಸುಳ್ಳು ಹೇಳಿದೆ.

ಹದಿಮೂರು ದಿನ ಹೀಗೆ ಹೊಲಿದೆವು. ನಾನು, ನೀನು, ಊರು, ಮಗ, ಎಲ್ಲ ಬಟ್ಟೆಯ ಮೇಲೆ. ಊರಿನ ಕೆಲಸವೂ ನಡೆದಿತ್ತು. ನೀರಿನ ಪಾಳಿಯ ಜಗಳ ತಂದವರ ಅಂಗಿ ಹರಿದಿದ್ದರೆ ನಮ್ಮವರು ಮೊದಲು ಅಂಗಿ ಬಿಚ್ಚಿಸಿ ಹೊಲಿದುಕೊಟ್ಟು ಆಮೇಲೆ ಜಗಳ ಕೇಳುತ್ತಿದ್ದರು. ಅಷ್ಟು ಹೊತ್ತು ಬರಿಮೈಯಲ್ಲಿ ಕೂತ ಗಂಡಸರು ಅರ್ಧ ಜಗಳ ಮರೆತಿರುತ್ತಿದ್ದರು. ಇಪ್ಪತ್ತೈದನೆಯ ದಿನ ಸೂಜಿ ಸಾಕು, ಇನ್ನು ಬಳಪ ಹಿಡಿಯಿರಿ ಎಂದೆ. ಅವರು ಪಾಟಿಯ ಮೇಲೆ ಇಡೀ ಒಂದು ಸಾಲು ಸರಾಗವಾಗಿ ಬರೆದರು. ಮುತ್ತು ಪೋಣಿಸಿದಂಥ ಅಕ್ಷರ. ಬಲಗಡೆಯಿಂದ ಎಡಗಡೆಗೆ. ಒಂದೊಂದು ಅಕ್ಷರವೂ ನಮ್ಮ ಕಡೆ ಬೆನ್ನು ತಿರುಗಿಸಿ ನಿಂತಿತ್ತು.

ತಪ್ಪು ಎಲ್ಲಿ ಎಂದು ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಕಸೂತಿಯ ಹೆಚ್ಚುಗಾರಿಕೆಯೇ ಅದು, ಗಂಟಿಲ್ಲ, ಮುಂದೂ ಒಂದೇ ಹಿಂದೂ ಒಂದೇ. ನವಿಲಿಗೆ ಬೆನ್ನುಗಡೆ ಹೊಟ್ಟೆಗಡೆ ಎಂಬ ಭೇದವಿಲ್ಲ, ಯಾವ ಕಡೆಯಿಂದ ನೋಡಿದರೂ ನವಿಲೇ. ಅಕ್ಷರ ಹಾಗಲ್ಲ ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಹದಿಮೂರು ದಿನವೂ ಅವರು ಎದುರಿಗೆ ಕೂತು ಬಟ್ಟೆಯ ಹಿಂಬದಿಯಿಂದ ಕಲಿತಿದ್ದರು. ಮೊದಲೇ ಸ್ವಲ್ಪ ಅನುಮಾನ ಬಂದಿತ್ತಂತೆ, ಆದರೆ ಕಸೂತಿಯ ಅಕ್ಷರ ಹೀಗೇ ಇರುತ್ತದೇನೋ, ಕೇಳಿದರೆ ದಡ್ಡ ಎಂದಾರು ಎಂದು ಸುಮ್ಮನಿದ್ದರಂತೆ. ತಮ್ಮ ತರಗತಿಯಲ್ಲಿ ಹೀಗೆ ಸುಮ್ಮನೆ ಕೂತ ಹುಡುಗರ ಕಿವಿ ಎಷ್ಟು ಹಿಂಡಿದ್ದರೋ ಮಹಾನುಭಾವರು.

ಹದಿನೈದು ದಿನ ಉಳಿದಿದ್ದವು. ಅವರಿಗೆ ದಿಗಿಲು, ನನಗೂ ದಿಗಿಲು. ದಿಗಿಲು ಬಿದ್ದ ಗಂಡಸರು ಹೆಂಡತಿಯ ಮೇಲೆ ಹಾಯುವುದು ಹೊಸತೇನಲ್ಲ. ಅಕ್ಷರ ಗೊತ್ತಿಲ್ಲದವಳಿಂದ ಕಲಿತರೆ ಇನ್ನೇನಾದೀತು ಎಂದುಬಿಟ್ಟರು. ನನ್ನೊಳಗೆ ಮೂವತ್ತೆರಡು ವರ್ಷದಿಂದ ಮುಚ್ಚಿಟ್ಟ ಮುಚ್ಚಳ ಹಾರಿಹೋಯಿತು.

“ಊರ ಮಂದಿಗೆಲ್ಲಾ ಕಲಿಸಿದ್ರಿ,” ಎಂದೆ. “ಮನ್ಯಾಗ ಒಬ್ಬಾಕಿ ಇದ್ದಳಲ್ಲ, ಆಕಿ ನಿಮ್ಮ ಕಣ್ಣಿಗೆ ಬೀಳಲಿಲ್ಲೇನ್ರಿ? ಮನಿಗೆ ಮಾರಿ, ಊರಿಗೆ ಉಪಕಾರಿ.”

ಅವರು ಟೊಪ್ಪಿಗೆ ತಲೆಗಿಟ್ಟು ಹೊರಗೆ ಹೋದವರು ಊಟದ ಹೊತ್ತಾದರೂ ಬರಲಿಲ್ಲ. ಚಾವಡಿಯಲ್ಲಿಲ್ಲ, ಕೆರೆಯ ದಂಡೆಯಲ್ಲಿಲ್ಲ. ಅಷ್ಟರಲ್ಲಿ ಸಿಂಪಿಗ ಓಡಿಹೋದ ಎಂದು ಬೀದಿಯಲ್ಲಿ ಸುದ್ದಿ. ಆ ಸಿಂಪಿಗ ಹುಡುಗನಿದ್ದಾಗ ಓಡಿಹೋದವನಲ್ಲವೇ, ರಕ್ತದಲ್ಲಿದ್ದದ್ದು ಬಿಡುತ್ತದೆಯೇ ಎಂದು ಸಂಕವ್ವ ಬದನೆಕಾಯಿ ಬುಟ್ಟಿ ಇಳಿಸಿ ಮಾತಿಗೆ ನಿಂತಳು. ಹಿಡಿದುಕೊಟ್ಟರೆ ಬಹುಮಾನ ಎಷ್ಟು ಎಂದು ಶಾಂತೇಶಪ್ಪ ಚಾಷ್ಟಿ ಮಾಡಿದ. ನನಗೆ ನಗೆ ಬರಲಿಲ್ಲ. ಊರಿನ ಗಡಿ ದಾಟಿದರೆ ಎಲ್ಲ ಮುಗಿದ ಹಾಗೆ. ಬಾಯಿ ಬಿಗಿಹಿಡಿಯಲಾರದೆ ಅವರ ಕೈಯನ್ನೇ ಕಳೆದೆನಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತ, ಕಾಲಿಗೆ ಚಪ್ಪಲಿಯಿಲ್ಲದೆ ಊರೆಲ್ಲ ಸುತ್ತಿದೆ.

ಸಿಕ್ಕಿದ್ದು ಶಾಲೆಯ ಹಿಂದೆ. ಒಂದನೇ ಇಯತ್ತೆಯ ಕಿಟಕಿಯ ಕೆಳಗೆ, ಬೇವಿನ ಮರದ ಬೇರಿನ ಮೇಲೆ, ಒಳಗೆ ಮಕ್ಕಳು ಒದರುವ ಅಕ್ಷರ ಕೇಳುತ್ತ ಕೂತಿದ್ದರು. ಕಡ್ಡಿಯಿಂದ ಮಣ್ಣಿನಲ್ಲಿ ಬರೆದು ಅಳಿಸಿದ ಗುರುತುಗಳಿದ್ದವು, ಎಲ್ಲ ಕೋಳಿ ಕಾಲು. ನಾನು ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತೆ. ಒಳಗಿನ ಮಕ್ಕಳು ಕ ಕಾ ಕಿ ಕೀ ಮುಗಿಸಿದರು.

“ದಿನಾ ಸಂಜಿಗೆ ಪೇಪರ್ ಓದಿ ಹೇಳತಿದ್ದೆ,” ಎಂದರು, ನನ್ನ ಮುಖ ನೋಡದೆ. “ನೀ ಬ್ಯಾಳಿ ಹಸನ ಮಾಡಕೋತ ಕೇಳತಿದ್ದಿ. ನೀನ ಓದಾಕ ಕಲತಬಿಟ್ರ ನಾ ಯಾರಿಗೆ ಓದಿ ಹೇಳಲಿ ಅಂತ ಅಂಜಿದ್ದೆ. ಅಷ್ಟ ನೋಡು.”

ಇಂಥ ಹುಚ್ಚು ಕಾರಣವನ್ನು ನಾನು ಎಣಿಸಿಯೇ ಇರಲಿಲ್ಲ. ನನ್ನನ್ನು ಬುದ್ಧಿಯಿಲ್ಲದವಳೆಂದು ಬಿಟ್ಟಿದ್ದಾರೆ ಎಂದುಕೊಂಡಿದ್ದೆ, ಬೇರೆ ಕೆಲಸವಿಲ್ಲದವಳೆಂದು ಬಿಟ್ಟಿದ್ದಾರೆ ಎಂದುಕೊಂಡಿದ್ದೆ. ಸಿಟ್ಟು ಪೂರ್ತಿ ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೂವತ್ತೆರಡು ವರ್ಷ ಎಂದರೆ ಸಣ್ಣ ಮಾತಲ್ಲ. ಆದರೆ ಆ ಪುಕ್ಕಲು ಮನುಷ್ಯನ ಮೇಲೆ ಮಮತೆಯೂ ಉಕ್ಕಿತು. ನಾಳೆಯಿಂದ ಎದುರಿಗೆ ಕೂಡುವುದು ಬೇಡ, ಮಗ್ಗುಲಿಗೆ ಕೂತು ಕಲಿಯಿರಿ ಎಂದೆ. ಹೂಂ ಎಂದರು. ಮನೆಗೆ ಬರುವಾಗ ಬೀದಿಯ ಮಂದಿಯೆಲ್ಲ ನಮ್ಮನ್ನೇ ನೋಡುತ್ತಿದ್ದರು. ಓಡಿಹೋದ ಸಿಂಪಿಗ ಸಿಕ್ಕನೆಂದು ಶಾಂತೇಶಪ್ಪ ಅಂಗಡಿಯಿಂದ ಎರಡು ಹಿಡಿ ಬೆಲ್ಲ ತಂದು ಹಂಚಿದ.

ಒಂದೇ ಚಾಪೆಯ ಮೇಲೆ ಒಂದೇ ಮಗ್ಗುಲಿಗೆ ಕೂತು ಮತ್ತೆ ಮೊದಲಿನಿಂದ ಶುರುಮಾಡಿದೆವು. ತಿರುಗಿಬಿದ್ದ ಕೈಯನ್ನು ನೆಟ್ಟಗೆ ಮಾಡುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಮೂರು ದಿನ ಅವರ ನ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗಿ ಒದ್ದಾಡಿತು. ನಾನು ಬೈದೆ, ಅವರು ಬೈಸಿಕೊಂಡರು. ಒಂದು ಸಲ ಕಿವಿಯನ್ನೂ ಹಿಂಡಿದೆ, ಊರ ಹುಡುಗರ ಪರವಾಗಿ. ಪ್ರಮಾಣದಲ್ಲಿ ಇಲ್ಲದ ಅಕ್ಷರಗಳನ್ನೂ ನಾನು ಬಿಡಲಿಲ್ಲ. ಪುಸ್ತಕದ ಕೊನೆಯ ಪುಟದ ತನಕ ಅವರಿಂದ ಹೇಳಿಸಿಕೊಂಡೆ, ಹೊಲಿದೆ. ಆಮೇಲೆ ಹೊಲಿಯುವುದೂ ಬೇಡವಾಯಿತು, ನೋಡಿದರೆ ಸಾಕು, ಅಕ್ಷರ ನನ್ನನ್ನು ಮಾತಾಡಿಸತೊಡಗಿತು. ಬೇಳೆಯ ಪೊಟ್ಟಣದ ಕಾಗದ ಬಿಡಿಸಿ ಓದಿದೆ, ಗೋಡೆಯ ಮೇಲಿನ ಜಾಹೀರಾತು ಓದಿದೆ, ಪೇಟೆಗೆ ಹೋದಾಗ ಮೂವತ್ತು ವರ್ಷದಿಂದ ಕಂಡ ಅಂಗಡಿಗಳೆಲ್ಲ ಒಂದೊಂದಾಗಿ ತಮ್ಮ ಹೆಸರು ಹೇಳಿದವು. ಸಂತೋಷಕ್ಕೆ ಒಬ್ಬಳೇ ನಗುತ್ತ ನಿಂತಿದ್ದೆ, ಸಂಕವ್ವ ಬಂದು ಮೈ ಮುಟ್ಟಿ ಜ್ವರ ನೋಡಿದಳು.

ಇಂಥವರಲ್ಲಿ ಅಕ್ಷರ ಕಲಿತವನು ಎಂಬಲ್ಲಿ ತಮ್ಮ ಬಾಲ್ಯದ ಗುರುಗಳಾದ ರಾಚಯ್ಯ ಮಾಸ್ತರರ ಹೆಸರು ಬರೆಯುವುದೆಂದು ನಮ್ಮವರು ಮೊದಲೇ ಹೇಳಿದ್ದರು. ನಾನೂ ಒಪ್ಪಿದ್ದೆ. ಹಿಂದಿನ ದಿನ ಸಂಜೆಯ ಹೊತ್ತಿಗೆ ಇಡೀ ವಾಕ್ಯ ತಪ್ಪಿಲ್ಲದೆ ಬಂತು, ಸ್ವಲ್ಪ ಸೊಟ್ಟಗೆ, ಆದರೆ ಎಲ್ಲ ಅಕ್ಷರಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು.

ನಲವತ್ತನೆಯ ದಿನ ಮುಂಜಾನೆ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ನಮ್ಮವರ ಶಿಷ್ಯರು. ಕೆಲವರು ತಮ್ಮ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು, ಮಾಸ್ತರು ಅ ಆ ಬರೆಯುವುದನ್ನು ನೋಡಲಿ ಎಂದು. ಹೆಂಗಸರ ಕಡೆ ಹಾಲವ್ವನ ಪಕ್ಕದಲ್ಲಿ ನಾನು. ದಪ್ತರ ನೋಡಿಕೊಳ್ಳುವ ನಾಗೇಶಿ ಪುಟ ತೆರೆದು, ಕೈ ಮಾತ್ರ ಅವರದೇ ಇರಬೇಕು, ಯಾರೂ ಹಿಡಿಯಬಾರದು ಎಂದು ನಿಯಮ ಓದಿ ಹೇಳಿದ. ನಮ್ಮವರು ಗಾದಿಯ ಮೇಲೆ ಕೂತು ಪೆನ್ನು ಎತ್ತಿದರು. ನನ್ನ ಬೆರಳುಗಳು ಸೆರಗಿನ ಅಂಚಿನ ಮೇಲೆ ತಾವೇ ಎಳೆ ಎಣಿಸತೊಡಗಿದವು.

ನಾನು, ಎಂದು ಬರೆದರು. ನೆಟ್ಟಗಿತ್ತು. ಪುಂಡಲೀಕಪ್ಪ, ಎಂದು ಬರೆದರು. ಪಕ್ಕದಲ್ಲಿ ನಿಂತ ನಾಗೇಶಿ ಒಂದೊಂದು ಪದವನ್ನೂ ಊರಿಗೆ ಕೇಳುವಂತೆ ಓದುತ್ತಿದ್ದ. ಮಾವನವರ ಹೆಸರು ಬಂತು, ಮಗ ಎಂಬುದು ಬಂತು. ಅಲ್ಲಿಗೆ ಪೆನ್ನು ನಿಂತಿತು. ನಾನು ಮನಸ್ಸಿನಲ್ಲೇ ರಾ, ರಾ ಎಂದು ಕೂಗಿಕೊಂಡೆ. ಪೆನ್ನು ಅಲುಗಲಿಲ್ಲ. ಜನ ಮಿಸುಕಾಡಿದರು. ಯಾರೋ ಕೆಮ್ಮಿದರು. ಹಿಂದುಗಡೆ ನಿಂತಿದ್ದ ರಾಜೇಸಾಬ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮುಗಿಯಿತು, ಮರೆತರು, ಎಲ್ಲ ಹೋಯಿತು ಎಂದುಕೊಂಡೆ.

ಆಗ ನಮ್ಮವರು ಗಾದಿಯ ಮೇಲೆ ಕೂತಲ್ಲೇ ಹೆಂಗಸರ ಕಡೆ ತಿರುಗಿದರು. ನಮ್ಮ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಮಕ್ಕಳು ಅಕ್ಕೋರೇ ಎಂದು ಕರೆಯುತ್ತಾರೆ, ಎದ್ದು ನಿಂತು, ಕೈಕಟ್ಟಿ. ನಮ್ಮವರು ಎದ್ದು ನಿಂತರು. ಪೆನ್ನು ಹಿಡಿದೇ ಕೈಕಟ್ಟಿದರು.

“ಅಕ್ಕೋರ,” ಎಂದರು ನನಗೆ. “ನಿಮ್ಮ ಹೆಸರ ಬರಿಯೂದು ಹೆಂಗ್ರಿ?”

ಮೂವತ್ತೆರಡು ವರ್ಷ ಇಕಿ, ನಮ್ಮಾಕಿ ಎಂದು ಕರೆದವರು. ನನ್ನ ಹೆಸರನ್ನು ಬರೆಯುವುದನ್ನು ನಾನು ಅವರಿಗೆ ಕಲಿಸಿರಲಿಲ್ಲ. ನನಗೆ ನಾನೂ ಕಲಿಸಿಕೊಂಡಿರಲಿಲ್ಲ, ಪುಸ್ತಕವನ್ನೆಲ್ಲ ಓದಿದೆ, ಇದೊಂದು ಹೊಳೆದೇ ಇರಲಿಲ್ಲ. ನಾಗೇಶಿ ನಿಯಮದ ಪುಟ ತಿರುವಿ ನೋಡಿ, ಕೈ ಹಿಡಿಯಬಾರದು ಎಂದಷ್ಟೇ ಇದೆ, ಹೇಳಬಾರದು ಎಂದಿಲ್ಲ ಎಂದ. ಹಾಲವ್ವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಮುಂದೆ ತಳ್ಳಿದಳು.

ನಾನು ಗಾದಿಯ ಪಕ್ಕ ಹೋಗಿ ನಿಂತೆ. ಕಣ್ಣು ಮುಚ್ಚಿ ನನ್ನ ಹೆಸರನ್ನು ಬಾಯೊಳಗೇ ನಿಧಾನವಾಗಿ ಹೇಳಿಕೊಂಡೆ, ಒಂದೊಂದು ತುಂಡೂ ಯಾವ ಅಕ್ಷರ ಎಂದು ಹುಡುಕಿದೆ. ಒಂದೊಂದಾಗಿ ಸಿಕ್ಕವು. ಮೊದಲು ಚ ಬರೆಯಿರಿ, ಮುಂದೆ ಸೊನ್ನೆ ಎಂದೆ. ದ ಬರೆದು ಕೆಳಗೆ ರ ಒತ್ತು. ಬಂತು. ಆಮೇಲೆ ಭಾ. ಅವರು ಬರೆದರು, ನಾನು ಬಗ್ಗಿ ನೋಡಿದೆ.

“ಹೊಟ್ಟಿ ಸೀಳಿಲ್ಲ,” ಎಂದೆ. “ಸೀಳ್ರಿ.”

ಮೂವತ್ತೊಂದು ವರ್ಷ ಅವರು ಊರಿಗೆಲ್ಲ ಗದರಿದ ಮಾತದು. ಹೆಗಲ ಮೇಲಿನ ಮಕ್ಕಳಿಂದ ಹಿಡಿದು ನರೆತ ಮೀಸೆಯವರ ತನಕ ಇಡೀ ಚಾವಡಿ ಹೋ ಎಂದು ನಕ್ಕಿತು. ನಮ್ಮವರೂ ನಕ್ಕರು, ನಗುತ್ತಲೇ ಸೀಳಿದರು. ಇನ್ನು ಗ, ಅದಕ್ಕೆ ದೀರ್ಘ, ಅಷ್ಟೇ ಎಂದೆ. ನಾಗೇಶಿ ಗಂಟಲು ಸರಿಮಾಡಿಕೊಂಡು ಓದಿದ: ಚಂದ್ರಭಾಗಾ ಎಂಬವರಲ್ಲಿ ಅಕ್ಷರ ಕಲಿತವನು. ಎಂಬವರಲ್ಲಿ ಎಂಬುದನ್ನು ನಮ್ಮವರು ಇನ್ನೂ ಬರೆದಿರಲಿಲ್ಲ. ಅವರು ಆ ಕೊನೆಯ ದೀರ್ಘದಲ್ಲೇ ಇದ್ದರು. ಅದನ್ನು ಎಳೆದರು, ಎಳೆದರು, ಪುಟದ ಅಂಚಿನ ತನಕ ಎಳೆದರು. ನಾನು ತಿದ್ದಲಿಲ್ಲ.